ಸಾಹೇಬರು ತಾರೀಖು ಓದದ ದಿನ

ಕಂಪ್ಯೂಟರಿನ ಮುಂದೆ ಕೂರುವ ಮೊದಲು ಸಾಹೇಬರು ಕೈ ತೊಳೆದುಕೊಳ್ಳುತ್ತಿದ್ದರು. ಕಂಪ್ಯೂಟರ್ ರಿಪೇರಿಗೆಂದು ಯಾರ ಮನೆಗೆ ಹೋದರೂ ಮೊದಲು ಕೇಳುತ್ತಿದ್ದದ್ದು ಬಚ್ಚಲು ಎಲ್ಲಿ ಎಂದು. ಸಾಬೂನು ಹಚ್ಚಿ, ಬೆರಳ ಸಂದಿಗಳನ್ನೆಲ್ಲ ತಿಕ್ಕಿ, ಹೆಗಲ ಮೇಲಿನ ಬಿಳಿ ಟವೆಲ್ಲಿಗೆ ಒರೆಸಿಕೊಂಡು ಬರುತ್ತಿದ್ದರು. ಇಷ್ಟೆಲ್ಲ ಮಾಡಿ ಕುರ್ಚಿಯಲ್ಲಿ ಕೂತ ಮೇಲೂ ಮೌಸ್ ಮುಟ್ಟುತ್ತಿರಲಿಲ್ಲ. ಅದನ್ನು ಮನೆಯವರ ಕೈಗೇ ಕೊಟ್ಟು, ತಾವು ಪಕ್ಕದಲ್ಲಿ ಕೂತು ಹೇಳಿ ಮಾಡಿಸುವುದು ಅವರ ಪದ್ಧತಿ. ಮುಟ್ಟದಿದ್ದ ಮೇಲೆ ತೊಳೆದದ್ದೇಕೆ ಎಂದು ನಾನೊಮ್ಮೆ ಕೇಳಿಯೇ ಬಿಟ್ಟಿದ್ದೆ. ಇಪ್ಪತ್ತೈದು ವರ್ಷ ಕೈಗಡಿಯಾರ ಬಿಚ್ಚಿದ ಕೈ, ತೊಳೆಯದಿದ್ದರೆ ತಲೆ ಓಡುವುದಿಲ್ಲ ಎಂದಿದ್ದರು.

ಕಳೆದ ತಿಂಗಳು ಅವರು ತೀರಿಕೊಂಡರು. ಅಪ್ಪ ಫೋನ್ ಮಾಡಿ ಹೇಳಿದಾಗ ನಾನು ಯಲಬುರ್ಗಾದಲ್ಲಿ ನನ್ನ ಕಾಲೇಜಿನ ಲ್ಯಾಬಿನಲ್ಲಿದ್ದೆ. ಮಕ್ಕಳಿಗೆ ಏನೋ ಟೈಪು ಮಾಡಲು ಹೇಳಿ ಕಿಟಕಿಯ ಹತ್ತಿರ ಹೋಗಿ ನಿಂತೆ. ನಾನಿವತ್ತು ಕಂಪ್ಯೂಟರ್ ಪಾಠ ಹೇಳಿ ಹೊಟ್ಟೆ ಹೊರೆಯುತ್ತಿದ್ದರೆ ಅದಕ್ಕೆ ಅವರು ಕಾರಣ. ಆ ಸಂಗತಿ ನಮ್ಮ ಮನೆಯ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ನೋಡಿಕೊಂಡವರು ನಾವೇ.

ಭಾಗ್ಯನಗರದಲ್ಲಿ ನಮ್ಮ ಓಣಿಯಲ್ಲೇ ಅವರ ಮನೆ. ಮನೆಯ ಮುಂದಿನ ಕೋಣೆಯೇ ಗಡಿಯಾರ ರಿಪೇರಿಯ ಅಂಗಡಿ. ಊರವರಿಗೆಲ್ಲ ಅವರು ಗಡಿಯಾರದ ಸಾಹೇಬ್ರು. ಮೊಬೈಲು ಬಂದು ಜನ ಕೈಗೆ ಗಡಿಯಾರ ಕಟ್ಟುವುದು ಬಿಟ್ಟಾಗ, ಯಾರೋ ಮಾರಲು ತಂದ ಹಳೆಯ ಕಂಪ್ಯೂಟರೊಂದನ್ನು ಇಟ್ಟುಕೊಂಡು, ಬಿಚ್ಚಿ, ಜೋಡಿಸಿ, ಕೆಡಿಸಿ, ಮತ್ತೆ ಜೋಡಿಸಿ ಒಂದು ವರ್ಷ ತಮಗೆ ತಾವೇ ಪಾಠ ಮಾಡಿಕೊಂಡರು. ಓದಿದ್ದು ಉರ್ದು ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ. ಕನ್ನಡ ಓದಲು ಕಲಿತದ್ದು ಬಸ್ಸಿನ ಬೋರ್ಡಿನಿಂದ. ಇಂಗ್ಲಿಷನ್ನು ಓದುತ್ತಿರಲಿಲ್ಲ, ಗುರುತು ಹಿಡಿಯುತ್ತಿದ್ದರು. ಗಡಿಯಾರದ ಹಲ್ಲುಚಕ್ರ ನೋಡಿ ಇದು ಯಾವ ಕಂಪನಿಯದು ಎನ್ನುತ್ತಿದ್ದವರಿಗೆ ಹತ್ತಿಪ್ಪತ್ತು ಇಂಗ್ಲಿಷ್ ಪದಗಳ ಮುಖ ನೆನಪಿಟ್ಟುಕೊಳ್ಳುವುದು ಕಷ್ಟವಾಗಲಿಲ್ಲ.

ಜಾಹೀರಾತು ತುರುಕುವ ಪ್ರೋಗ್ರಾಮುಗಳನ್ನು ನಾನೀಗ ಪಾಠದಲ್ಲಿ ಆಡ್‌ವೇರ್ ಎನ್ನುತ್ತೇನೆ, ಅವಕ್ಕೆ ಅವರು ಇಟ್ಟ ಹೆಸರು ‘ಕರೀಲಾರ್ದ ಬಂದಾವು’. ವೈರಸ್ ಕಳ್ಳನಿದ್ದ ಹಾಗೆ, ಕದ ಮುರಿದು ಬರುತ್ತದೆ. ಇವು ಹಾಗಲ್ಲ, ಬೇಕಾದ ಒಬ್ಬರನ್ನು ಒಳಗೆ ಕರೆಯುವಾಗ ಅವರ ಬೆನ್ನ ಹಿಂದೆ ನಾಲ್ಕು ಮಂದಿ ನುಗ್ಗಿ ಪಂಕ್ತಿಯಲ್ಲಿ ಕೂತುಬಿಟ್ಟ ಹಾಗೆ ಎಂದು ವಿವರಿಸುತ್ತಿದ್ದರು. ಅದಕ್ಕೇ ಅವರ ವಿಚಾರಣೆಯೂ ಮದುವೆಮನೆಯ ಥರದ್ದು. ಕಂಪ್ಯೂಟರಿನಲ್ಲಿ ಏನೇನು ಹಾಕಿದೆ ಎಂಬ ಪಟ್ಟಿಯನ್ನು ತೆರೆಸಿ, ಮನೆಯವರನ್ನೆಲ್ಲ ಸುತ್ತ ಕೂರಿಸಿಕೊಂಡು, ಒಂದೊಂದರ ಮೇಲೂ ಬೆರಳಿಟ್ಟು ಇವರು ಯಾರ ಕಡೆಯವರು ಎಂದು ಕೇಳುವುದು. ಅಡುಗೆಮನೆಯಿಂದ ಹೆಂಗಸರೂ ಬರಬೇಕು. ನಮ್ಮ ಕಡೆಯವರು ಎಂದು ಯಾರೂ ಅನ್ನದಿದ್ದರೆ ಅದನ್ನು ಹೊರಗೆ ಕಳಿಸುವುದು.

ಪಟ್ಟಿಯಲ್ಲಿ ಅವರು ಮೊದಲು ನೋಡುತ್ತಿದ್ದದ್ದು ಒಂದೊಂದೂ ಒಳಗೆ ಬಂದ ತಾರೀಖು. ‘ಹೆಸರ ಓದಬ್ಯಾಡ್ರಿ, ತಾರೀಖ ಓದ್ರಿ. ಹೆಸರು ಸುಳ್ಳ ಹೇಳ್ತೈತಿ, ತಾರೀಖ ಹೇಳಂಗಿಲ್ಲ’ ಎನ್ನುವುದನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಈ ಪ್ರೋಗ್ರಾಮುಗಳು ಇಟ್ಟುಕೊಳ್ಳುವ ಹೆಸರುಗಳೆಲ್ಲ ಬಲು ಸಭ್ಯವಾಗಿರುತ್ತವೆ: ಸಹಾಯಕ, ರಕ್ಷಕ, ಉಳಿತಾಯ. ತಾರೀಖಿನ ಮೇಲೆ ಒತ್ತಿದರೆ ಇತ್ತೀಚಿನವು ಮೇಲೆ ಬರುತ್ತವೆ. ಒಂದೇ ದಿನ ನಾಲ್ಕೈದು ಒಟ್ಟಿಗೆ ಬಂದಿದ್ದರೆ ಅಲ್ಲೇ ಕಳ್ಳದಾರಿ. ಆಗ ಅವರು ಕತ್ತು ಹಿಂದೆ ತಿರುಗಿಸಿ, ಈ ತಾರೀಖಿಗೆ ಮನೆಯಲ್ಲಿ ಯಾರಿದ್ದಿರಿ ಎಂದು ಕೇಳುವರು. ಯಾರಿಗೋ ನೆನಪಾಗುತ್ತಿತ್ತು, ಹಾಡು ಇಳಿಸಿಕೊಂಡಿದ್ದು, ಆಟ ಹಾಕಿಕೊಂಡಿದ್ದು. ಒಪ್ಪಿಕೊಂಡವರನ್ನು ಬೈಯುತ್ತಿರಲಿಲ್ಲ. ಅವರ ಕೈಯಿಂದಲೇ ತೆಗೆಸುತ್ತಿದ್ದರು, ಅಷ್ಟೆ.

ಪರದೆಯ ಮೂಲೆಯಲ್ಲಿ ಎದ್ದು ಕೂರುವ ಜಾಹೀರಾತಿಗೆ ಒಂದು ಗುಣಾಕಾರದ ಗುರುತು ಇರುತ್ತದಲ್ಲ, ಅದನ್ನು ಒತ್ತಿದವರನ್ನು ಕಂಡರೆ ಮಾತ್ರ ಸಿಟ್ಟು. ಅದು ಬಾಗಿಲಲ್ಲ, ಬಾಗಿಲಿನ ಚಿತ್ರ, ಒತ್ತಿದರೆ ಇನ್ನೆರಡು ಬರುತ್ತವೆ ಎಂದು ಗದರುತ್ತಿದ್ದರು. ಸಿಟ್ಟು ಜಾಸ್ತಿಯಾದರೆ ಜಾಹೀರಾತಿಗೇ ನೇರವಾಗಿ ದಖನಿಯಲ್ಲಿ ‘ಕಾಯ್ಕು ಆಯಾ ರೇ ತೂ’ ಎಂದು ಯಾಕೆ ಬಂದೆ ಅಂತ ಜಗಳ ತೆಗೆಯುವರು. ಗಂಗಾವತಿಯ ಒಬ್ಬ ಅಕ್ಕಿ ಗಿರಣಿಯ ಮಾಲೀಕರ ಕಂಪ್ಯೂಟರು ದಿನಾ ಬೆಳಗ್ಗೆ ‘ನಿಮಗೆ ನೂರಾರು ರೋಗಗಳಿವೆ’ ಎಂದು ಕೆಂಪಕ್ಷರದಲ್ಲಿ ಹೆದರಿಸುತ್ತಿತ್ತಂತೆ. ಕರೆಯದೆ ಮನೆಗೆ ಬಂದು ನಾಡಿ ಹಿಡಿಯುವ ಡಾಕ್ಟರನ್ನು ನೀವು ನಂಬುತ್ತೀರಾ ಎಂದು ಇವರು ಕೇಳಿದಾಗ, ಆ ಮಾಲೀಕರು ಬಹಳ ಯೋಚನೆ ಮಾಡಿ, ಫೀಜು ಕೇಳದಿದ್ದರೆ ನಂಬುತ್ತೇನೆ ಎಂದರಂತೆ. ಇದನ್ನು ಹೇಳಿಕೊಂಡು ಅವರು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ಇರಕಲ್ಲಗಡದ ಒಂದು ಮನೆಯಲ್ಲಿ ಅವರ ಪದ್ಧತಿ ಅವರಿಗೇ ತಿರುಗಿಬಿತ್ತು. ಕರೀಲಾರ್ದ ಬಂದದ್ದೊಂದು ಆ ಮನೆಯ ಪರದೆಯ ಮೇಲೆ ದಿನಕ್ಕೊಂದು ಹೊಸ ಸೀರೆಯ ಚಿತ್ರ ತೋರಿಸುತ್ತಿತ್ತು. ಮಗ ಅದನ್ನು ತೆಗೆಸಲು ಇವರನ್ನು ಕರೆಸಿದ್ದ. ಇದು ಯಾರ ಕಡೆಯದು ಎಂದು ಇವರು ಕೇಳಿದ ಕೂಡಲೇ ಮೂಲೆಯಲ್ಲಿದ್ದ ಮುದುಕಿ, ನನ್ನ ಕಡೆಯದು ಎಂದಳಂತೆ. ಮಧ್ಯಾಹ್ನ ಊಟವಾದ ಮೇಲೆ ಅಲ್ಲಿ ಕುರ್ಚಿ ಹಾಕಿಕೊಂಡು ಕೂತು ಅಂಚು, ಸೆರಗು ನೋಡುವುದು ಅವಳ ದಿನಚರಿ. ಮಗ ಎಷ್ಟು ಹೇಳಿದರೂ ಸಾಹೇಬರು ಅದನ್ನು ತೆಗೆಸಲಿಲ್ಲ. ಬಾಕಿಯವನ್ನೆಲ್ಲ ಕಳಿಸಿ ಸೀರೆಯದನ್ನು ಉಳಿಸಿ ಬಂದರು. ನಾನು ಈಗಿನ ಪಾಠದ ಲೆಕ್ಕದಲ್ಲಿ ಅದು ತಪ್ಪೇ ಎನ್ನಬೇಕು. ಆದರೂ ಮನೆಯವರು ಬೇಕೆಂದದ್ದು ಬೇಕಾದದ್ದೇ ಎನ್ನುವ ಅವರ ವಾದಕ್ಕೆ ಉತ್ತರ ನನಗಿನ್ನೂ ಹೊಳೆದಿಲ್ಲ.

ನಮ್ಮ ಮನೆಯ ಕಥೆಗೆ ಬರುತ್ತೇನೆ. ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರು. ನಾನು ಬಿಸಿಎ ಸೇರಿದಾಗ ಒಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ತಂದು ನಡುಮನೆಯಲ್ಲಿ ಇಟ್ಟರು. ಹುಡುಗಿಗೆ ಆ ಓದು ಯಾಕೆ ಎಂದು ಕುಷ್ಟಗಿಯ ದೊಡ್ಡಪ್ಪನ ತಕರಾರು ಮೊದಲಿನಿಂದಲೂ ಇತ್ತು. ದೊಡ್ಡಪ್ಪ ಅಂದರೆ ಅಪ್ಪನ ಅಣ್ಣ, ದಾಳಿಂಬೆ ತೋಟ ಮಾಡಿದವರು, ಅಪ್ಪನನ್ನು ಓದಿಸಿದವರೂ ಅವರೇ. ಅಪ್ಪ ಅವರ ಎದುರು ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿರಲಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ ಹೇಗೋ ಅಣ್ಣನ ಮಾತು ಮೀರಿ ನನ್ನನ್ನು ಕಾಲೇಜಿಗೆ ಕಳಿಸಿದ್ದರು.

ಎರಡನೆಯ ವರ್ಷ ನಡೆಯುತ್ತಿತ್ತು. ಒಂದೆರಡು ವಾರದಿಂದ ಕಂಪ್ಯೂಟರಿನ ಲಕ್ಷಣ ನೆಟ್ಟಗಿರಲಿಲ್ಲ. ಹುಡುಕುವ ಪುಟ ಬದಲಾಗಿತ್ತು. ಓದುವ ಪಾಠದ ನಡುನಡುವೆ ಪದಗಳ ಕೆಳಗೆ ಗೆರೆ ಬಿದ್ದು, ಮೌಸ್ ಹೋದ ಕೂಡಲೇ ಏನಾದರೊಂದು ಮಾರಲು ಬರುತ್ತಿತ್ತು. ಮೂಲೆಯಲ್ಲಿ ಏಳುವ ಚಿತ್ರಗಳು ಬರಬರುತ್ತ ಹೊಲಸಾಗುತ್ತ ಹೋದವು. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ನನ್ನ ಮೇಲೇ ಬರುತ್ತದೆ ಎಂಬ ಹೆದರಿಕೆ. ಆ ಗುಣಾಕಾರದ ಗುರುತು ಒತ್ತಿ ಒತ್ತಿ ಇನ್ನಷ್ಟನ್ನು ಕರೆತಂದವಳು ನಾನೇ.

ಒಂದು ಭಾನುವಾರ ದೊಡ್ಡಪ್ಪ ಬಂದರು. ದಾಳಿಂಬೆಯ ಪೇಟೆ ಧಾರಣೆ ಇದರಲ್ಲಿ ಬರುತ್ತದಂತೆ, ತೋರಿಸು ಎಂದು ನನ್ನ ಹಿಂದೆ ಬಂದು ನಿಂತರು. ಧಾರಣೆಯ ಪುಟ ತೆರೆದೆ. ಮೂಲೆಯಲ್ಲಿ ಬಟ್ಟೆಯಿಲ್ಲದ ಹೆಂಗಸೊಬ್ಬಳು ಎದ್ದು ಕೂತಳು. ದೊಡ್ಡಪ್ಪ ಮುಖವನ್ನು ಗೋಡೆಯ ಕಡೆ ತಿರುಗಿಸಿ, ಅಪ್ಪನನ್ನು ಕರೆದು, ಮಗಳ ಕೈಯಲ್ಲಿ ಇದನ್ನು ಕೊಟ್ಟು ಸಾಲಿ ಎನ್ನುತ್ತೀಯಲ್ಲ ಎಂದು ಕೇಳಿದರು. ದನಿ ಏರಿಸಲೂ ಇಲ್ಲ. ಅಪ್ಪ ನೆಲ ನೋಡುತ್ತ, ಈ ವಾರವೇ ಕಂಪ್ಯೂಟರ್ ಮಾರಿಬಿಡುತ್ತೇನೆ, ಬರುವ ವರ್ಷ ಬಿಎಗೆ ಹಾಕುತ್ತೇನೆ ಎಂದರು. ನಾನು ಅಳಲಿಲ್ಲ. ನಾನೇನೂ ಮಾಡಿಲ್ಲ ಎಂದೆ. ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವ್ವ ಮಾತ್ರ ಯಾರನ್ನೂ ಕೇಳದೆ ಸೆರಗು ಹೊದ್ದು ಹೊರಗೆ ಹೋಗಿ ಸಾಹೇಬರನ್ನು ಕರೆದುಕೊಂಡು ಬಂದಳು.

ಅವರು ಎಂದಿನಂತೆ ಕೈ ತೊಳೆದುಕೊಂಡು ಬಂದರು. ದೊಡ್ಡಪ್ಪ ಮಂಚದ ಮೇಲೆ, ಅಪ್ಪ ಕಂಬಕ್ಕೆ ಒರಗಿ, ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ. ಮೌಸ್ ನನ್ನ ಕೈಯಲ್ಲಿತ್ತು. ಪಟ್ಟಿ ತೆರೆಸಿ, ತಾರೀಖಿನ ಮೇಲೆ ಒತ್ತು ಬೇಟಾ ಎಂದರು. ಒತ್ತಿದೆ. ಐದು ಹೆಸರುಗಳು ಮೇಲಕ್ಕೆ ಬಂದವು, ಐದಕ್ಕೂ ಒಂದೇ ತಾರೀಖು. ಮೊದಲನೆಯದು ಪುಕ್ಕಟೆ ಸಿಗುವ ಕನ್ನಡ ಅಕ್ಷರಗಳದು. ಅದರ ಬೆನ್ನಿಗೆ ನಾಲ್ಕು ಅಪರಿಚಿತರು.

ಆ ತಾರೀಖು ನನಗೆ ಚೆನ್ನಾಗಿ ನೆನಪಿತ್ತು. ಅವತ್ತು ನಾನು ಗೆಳತಿಯ ಮದುವೆಗೆಂದು ಗಂಗಾವತಿಗೆ ಹೋಗಿ ರಾತ್ರಿ ಅಲ್ಲೇ ಉಳಿದಿದ್ದೆ. ಮನೆಯಲ್ಲಿ ಇದ್ದವರು ಅವ್ವ ಮತ್ತು ಅಪ್ಪ. ಅವ್ವ ಕಂಪ್ಯೂಟರನ್ನು ಮುಟ್ಟಿದವಳಲ್ಲ. ಅಪ್ಪ ಅವತ್ತು ಪರೀಕ್ಷೆಯ ಪ್ರಶ್ನಪತ್ರಿಕೆ ಟೈಪು ಮಾಡಿದ್ದರು. ಅಕ್ಷರ ಬೇಕೆಂದು ಹುಡುಕಿ, ಪುಟದ ಮೇಲೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡ ಹಸಿರು ಗುಂಡಿಯನ್ನು ಒತ್ತಿದ್ದಾರೆ. ಕೇಳಿದ ಪ್ರಶ್ನೆಗೆಲ್ಲ ಹೂಂ ಅಂದಿದ್ದಾರೆ. ಸಭ್ಯ ಮನುಷ್ಯ, ಯಾರಿಗೂ ಇಲ್ಲ ಎಂದು ಹೇಳಿ ಗೊತ್ತಿಲ್ಲ.

ಇದು ನನಗೆ ಹೊಳೆದ ಕ್ಷಣದಲ್ಲೇ ಸಾಹೇಬರಿಗೂ ಹೊಳೆಯಿತು. ಕನ್ನಡದ ಅಕ್ಷರ ಯಾರಿಗೆ ಬೇಕು ಎಂದು ಗೊತ್ತಾಗಲು ಅವರಿಗೆ ಇಂಗ್ಲಿಷ್ ಬೇಕಿರಲಿಲ್ಲ. ಈಗ ಕತ್ತು ತಿರುಗಿಸಿ ಕೇಳುತ್ತಾರೆ, ಈ ತಾರೀಖಿಗೆ ಮನೆಯಲ್ಲಿ ಯಾರಿದ್ದಿರಿ ಎಂದು ಕೇಳುತ್ತಾರೆ ಎಂದು ನಾನು ಕಾದೆ. ಕೇಳಿದರೆ ನಾನು ಉಳಿಯುತ್ತೇನೆ. ಅಪ್ಪ ಮಾತ್ರ ಅಣ್ಣನ ಎದುರು, ಮಗಳ ಎದುರು, ಆ ಹೊಲಸು ಚಿತ್ರಕ್ಕೆ ತಮ್ಮ ಹೆಸರು ಕೊಟ್ಟುಕೊಂಡು ನಿಲ್ಲಬೇಕು.

ಅವರು ಕೇಳಲಿಲ್ಲ. ಯಾರ ಮನೆಯಲ್ಲೂ ಮೌಸ್ ಮುಟ್ಟದವರು ನನ್ನ ಕೈಯಿಂದ ಅದನ್ನು ತೆಗೆದುಕೊಂಡು, ತಾರೀಖುಗಳ ಉದ್ದಸಾಲಿನ ಅಂಚಿನ ಗೆರೆಯನ್ನು ಹಿಡಿದು ಎಡಕ್ಕೆ ಎಳೆದರು. ಆ ಸಾಲು ಕಿರಿದಾಗಿ ಮಾಯವಾಯಿತು. ಆಮೇಲೆ ಎದ್ದು ನಿಂತು ಮಂಚದ ಕಡೆ ತಿರುಗಿದರು.

‘ತಪ್ಪು ನಂದ ಐತ್ರಿ, ಯಜಮಾನ್ರ. ಹೋದ ತಿಂಗಳು ಪ್ರಿಂಟರ್ ನೋಡಾಕ ಬಂದಾಗ ನನ್ನ ಪೆನ್‌ಡ್ರೈವ್ ಹಚ್ಚಿದ್ದೆ. ಈ ಹೊಲಸು ಅದರಾಗಿಂದ ಬಂದೈತಿ. ಹುಡುಗಿದು ಏನೂ ಇಲ್ಲ.’

ದೊಡ್ಡಪ್ಪ ಅವರನ್ನು ಬೈದರು. ವಯಸ್ಸಾದವರು, ಹೆಣ್ಣುಮಕ್ಕಳಿರುವ ಮನೆಗೆ ಬರುವವರು, ಇಂಥದ್ದನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತೀರಲ್ಲ ಎಂದರು. ಸಾಹೇಬರು ಟವೆಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಎಲ್ಲವನ್ನೂ ಕೇಳಿಸಿಕೊಂಡರು. ಅಪ್ಪ ಕಂಬ ಬಿಟ್ಟು ಅಲುಗಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ನನ್ನ ಓದು ಉಳಿದಿತ್ತು, ನನಗೆ ಅಷ್ಟು ಸಾಕಾಗಿತ್ತು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಬೈಗುಳ ಮುಗಿದ ಮೇಲೆ ಅವರು ಏನೂ ಆಗದವರಂತೆ ಮತ್ತೆ ಕೂತು ಮೌಸನ್ನು ನನಗೆ ಕೊಟ್ಟರು. ನಾಲ್ಕನ್ನೂ ಒಂದೊಂದಾಗಿ ತೆಗೆಸಿದರು. ತೆಗೆಯಲು ಹೋದರೆ ಅವು ಕಾಡಿ ಬೇಡಿದವು. ‘ಇರಲಿ’ ಎನ್ನುವುದಕ್ಕೆ ಅಗಲವಾದ ಬಣ್ಣದ ಗುಂಡಿ, ‘ತೆಗೆ’ ಎನ್ನುವುದಕ್ಕೆ ಕಂಡೂ ಕಾಣದ ಬೂದು ಅಕ್ಷರ. ಮಸುಕಾದದ್ದನ್ನೇ ಒತ್ತು ಎಂದರು. ಬ್ರೌಸರಿನ ಒಳಗೆ ಅಡಗಿದ್ದ ಎರಡನ್ನು ಬೇರೆಯಾಗಿ ಕೀಳಿಸಿದರು, ಹುಡುಕುವ ಪುಟವನ್ನು ಮೊದಲಿನ ಹಾಗೆ ಮಾಡಿಸಿದರು, ಬಂದ್ ಮಾಡಿ ಮತ್ತೆ ಶುರು ಮಾಡಿಸಿ ಇನ್ನೊಮ್ಮೆ ಪಟ್ಟಿ ನೋಡಿದರು. ಕನ್ನಡ ಅಕ್ಷರದ ಮೇಲೆ ಬೆರಳಿಟ್ಟು, ಇದು ಇರಲಿ, ಮನೆಯಲ್ಲಿ ಬೇಕಾಗುತ್ತದೆ ಎಂದರು. ಅಪ್ಪನ ಕಡೆ ನೋಡದೆಯೇ ಹೇಳಿದರು. ಅವ್ವ ಚಹಾ ತಂದಾಗ ಇವತ್ತು ಬೇಡ ಎಂದು ಹೋದರು.

ಕಂಪ್ಯೂಟರ್ ಉಳಿಯಿತು. ನಾನು ಬಿಸಿಎ ಮುಗಿಸಿದೆ, ಮುಂದೆ ಓದಿದೆ, ಕೆಲಸ ಹಿಡಿದೆ. ಆ ಕಡೆ ದೊಡ್ಡಪ್ಪ ಕುಷ್ಟಗಿಯಲ್ಲಿ, ಕೊಪ್ಪಳದ ನೆಂಟರ ಮನೆಗಳಲ್ಲಿ ಆ ಪೆನ್‌ಡ್ರೈವಿನ ಸಂಗತಿ ಹೇಳಿದರು. ಹುಡುಗಿಯರಿದ್ದ ಮನೆಗಳವರು ಸಾಹೇಬರನ್ನು ಕರೆಯುವುದು ಕಡಿಮೆ ಮಾಡಿದರು. ಒಬ್ಬರ ಮನೆಯಲ್ಲಂತೂ ಒಳಗೆ ಬರುವ ಮೊದಲು ಜೇಬು ತೋರಿಸಿ ಎಂದರಂತೆ. ಅದನ್ನೂ ಅವರು ನಗುತ್ತಲೇ ಹೇಳುತ್ತಿದ್ದರು ಎಂದು ಓಣಿಯವರಿಂದ ಕೇಳಿದೆ. ನಾನು ಬಸ್ಸಿಗೆ ಹೋಗುವಾಗ ಅವರ ಅಂಗಡಿಯ ಎದುರು ಹೆಜ್ಜೆ ಬಿರುಸಾಗಿ ಹಾಕುತ್ತಿದ್ದೆ. ಅವರು ಒಳಗಿಂದಲೇ, ಪರೀಕ್ಷೆ ಹೇಗಾಯಿತು ಬೇಟಾ ಎಂದು ಕೇಳುತ್ತಿದ್ದರು. ಛಲೋ ಆತ್ರಿ ಎಂದು ಓಡುತ್ತಿದ್ದೆ.

ಅಪ್ಪನ ಮೇಲೆ ನನಗೆ ಒಳಗೊಳಗೇ ಸಿಟ್ಟಿತ್ತು. ತಮ್ಮ ತಪ್ಪು ಗೊತ್ತಿದ್ದೂ ಸುಮ್ಮನಿದ್ದಾರೋ, ಗೊತ್ತೇ ಇಲ್ಲವೋ, ಎರಡೂ ಒಂದೇ ಎನಿಸುತ್ತಿತ್ತು. ಪಾಠದಲ್ಲಿ ‘ತಾರೀಖು ಓದಿ’ ಎಂದು ಹೇಳಿದ ಕೂಡಲೇ ಮುಂದಿನ ಪಾಠಕ್ಕೆ ಹೋಗಿಬಿಡುತ್ತಿದ್ದೆ. ಹೋದ ವರ್ಷ, ಸಾಹೇಬರ ಆರೋಗ್ಯ ಸರಿಯಿಲ್ಲ ಎಂದು ಕೇಳಿ, ಧೈರ್ಯ ಮಾಡಿ ಒಂದು ಮಧ್ಯಾಹ್ನ ಹೋದೆ. ಅಂಗಡಿ ಮುಚ್ಚಿ ಎರಡು ವರ್ಷವಾಗಿತ್ತು. ಅದೇ ಕೋಣೆಯಲ್ಲಿ ಹಾಸಿಗೆ ಹಾಕಿಕೊಂಡಿದ್ದರು, ಒಂದು ಕಣ್ಣಿಗೆ ಆಪರೇಷನ್ ಆಗಿತ್ತು. ನಾನು ಒಂದೇ ಉಸಿರಿಗೆ ಹೇಳಿಬಿಟ್ಟೆ, ಆ ತಾರೀಖನ್ನು ನಾನು ನೋಡಿದ್ದೆ, ಅದು ಅಪ್ಪನ ಕೆಲಸ ಎಂದು ಅವತ್ತೇ ಗೊತ್ತಿತ್ತು, ನೀವು ಬೈಸಿಕೊಳ್ಳುವಾಗ ನಾನು ಸುಮ್ಮನೆ ಕೂತಿದ್ದೆ.

ಅವರು ತಲೆದಿಂಬು ಸರಿಮಾಡಿಕೊಂಡು, ಅಪ್ಪ ಮರುದಿನವೇ ಬಂದು ಇದೇ ಕುರ್ಚಿಯಲ್ಲಿ ಕೂತು ಅತ್ತು ಹೋಗಿದ್ದಾರೆ ಎಂದರು. ಅಣ್ಣನಿಗೆ ಹೇಳಿಬಿಡುತ್ತೇನೆ ಎಂದವರನ್ನು ತಡೆದದ್ದು ತಾವೇ. ಹೇಳಿದರೆ ಆ ಮನೆಯಲ್ಲಿ ಮಾಸ್ತರರ ಮಾತಿಗೆ ಕಿಮ್ಮತ್ತು ಉಳಿಯುವುದಿಲ್ಲ, ಅವರ ಮಾತು ಉಳಿಯದಿದ್ದರೆ ನಿನ್ನ ಓದೂ ಉಳಿಯುತ್ತಿರಲಿಲ್ಲ ಎಂದರು. ಎಂಟು ದಿನ ಕಳೆದು ಅವ್ವ ಶೇಂಗಾದ ಹೋಳಿಗೆ ಕಟ್ಟಿಕೊಂಡು ಬಂದಿದ್ದಳಂತೆ. ಅವತ್ತು ಅಪ್ಪ ಹಸಿರು ಗುಂಡಿ ಒತ್ತುವಾಗ ಅವಳು ಹಿಂದೆಯೇ ನಿಂತಿದ್ದಳಂತೆ.

ಜನ ಕರೆಯುವುದು ಬಿಟ್ಟಾಗ ನಿಮಗೆ ಬೇಸರವಾಗಲಿಲ್ಲವೇ ಎಂದು ಕೇಳಿದೆ. ಆಯಿತು, ಯಾಕೆ ಆಗುವುದಿಲ್ಲ ಎಂದರು. ಒಳಗಿಂದ ಅವರ ಹೆಂಡತಿ ಚಹಾ ತರುವ ಸಪ್ಪಳ ಕೇಳಿತು. ಅವರು ದನಿ ತಗ್ಗಿಸಿದರು.

‘ಇಕಿಗೂ ನಾ ಹೇಳಿಲ್ಲ. ಆ ಪೆನ್‌ಡ್ರೈವ್ ಒಲಿಗೆ ಹಾಕ್ಯಾಳ, ನಾಕು ದಿನ ಮಾತು ಬಿಟ್ಟಿದ್ಲು. ನೀವು ಮೂರೂ ಮಂದಿ ಬಂದು ನನಗ ಹೇಳೀರಿ. ನನಗ ಮೊದಲ ಗೊತ್ತಿತ್ತಲ್ಲ, ಬೇಟಾ.’

ನಕ್ಕೇ ಹೇಳಿದರು. ಅದರಲ್ಲಿ ಕುಟುಕು ಇತ್ತೋ ಇಲ್ಲವೋ, ಮನೆಗೆ ಬಂದ ಮೇಲೂ ತಿರುಗಿಸಿ ತಿರುಗಿಸಿ ನೋಡಿದೆ. ಹೇಳಬೇಕಾದವರಿಗೆ ಮುಂದಿನ ಸಲ ಹೇಳಿಯೇ ಬಿಡಬೇಕು ಎಂದುಕೊಂಡೆ. ಹಬ್ಬ ಬಂತು, ಹೋಯಿತು, ದೊಡ್ಡಪ್ಪ ಎರಡು ಸಲ ಬಂದು ಹೋದರು. ಹೇಳಲಿಲ್ಲ. ಅಷ್ಟರಲ್ಲಿ ಅಪ್ಪನ ಫೋನು ಬಂತು. ಅಪ್ಪ ಮಣ್ಣಿಗೆ ಹೋಗಿ ಹೆಗಲು ಕೊಟ್ಟು ಬಂದರಂತೆ. ನಾನು ಲ್ಯಾಬ್ ಬಿಟ್ಟು ಬಂದು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅದಾಗಿ ಎರಡನೆಯ ಭಾನುವಾರ ನಾನು ಮನೆಯಲ್ಲಿದ್ದೆ. ದೊಡ್ಡಪ್ಪ ಚೀಲ ತುಂಬ ಹಣ್ಣು ತಂದಿದ್ದರು. ಅವರಿಗೂ ವಯಸ್ಸಾಗಿದೆ, ಮೊದಲಿನ ಜೋರಿಲ್ಲ. ಊಟವಾದ ಮೇಲೆ ಮಂಚದ ಮೇಲೆ ಒರಗಿಕೊಂಡು ಓಣಿಯ ಸುದ್ದಿ ಕೇಳಿದರು. ಸಾಹೇಬರು ಹೋದದ್ದು ಗೊತ್ತಾಗಿ ಪಾಪ ಎಂದರು. ಮನುಷ್ಯ ಒಳ್ಳೆಯವನೇ ಇದ್ದ, ಆದರೆ ಅಂಥ ಹೊಲಸನ್ನು ಮನೆ ಮನೆಗೆ ಹಚ್ಚಿ ಹೋದ ನೋಡು ಎಂದರು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಕಂಬದ ಹತ್ತಿರದಿಂದ ಬಂದು, ಅಣ್ಣನ ಎದುರಿನ ಕುರ್ಚಿ ಎಳೆದುಕೊಂಡು ಕೂತರು.

‘ಅಣ್ಣಾ, ಆ ಪೆನ್‌ಡ್ರೈವ್‌ದಾಗ ಏನೂ ಇದ್ದಿದ್ದಿಲ್ಲ. ಅವತ್ತ ಆ ಹೊಲಸನ್ನ ಒಳಗ ಹಾಕಿದಾಂವ ನಾ.’

ಹಸಿರು ಗುಂಡಿ, ಪ್ರಶ್ನಪತ್ರಿಕೆ, ಮರುದಿನ ಸಾಹೇಬರ ಮನೆಗೆ ಹೋದದ್ದು, ಎಲ್ಲವನ್ನೂ ಹೇಳಿದರು. ಪಾಠ ಹೇಳುವ ದನಿಯಲ್ಲೇ ಹೇಳಿದರು, ಕಣ್ಣು ಮಾತ್ರ ಕೆಂಪಾಗಿತ್ತು. ದೊಡ್ಡಪ್ಪ ಎದ್ದು ಕೂತು ಕೇಳಿದರು. ಹಾಗಾದರೆ ಅವತ್ತೇ ಯಾಕೆ ಹೇಳಲಿಲ್ಲ ಎಂದರು.

‘ಎದುರಿಗೆ ನೀವು ಕುಂತಿದ್ರಿ’ ಎಂದರು ಅಪ್ಪ.

ದೊಡ್ಡಪ್ಪ, ಸಾಹೇಬರ ಮನೆಯಲ್ಲಿ ಈಗ ಯಾರಿದ್ದಾರೆ ಎಂದು ಕೇಳಿದರು. ಅವರ ಹೆಂಡತಿ ಇದ್ದಾರೆ, ಅವರಿಗೂ ಇದು ಗೊತ್ತಿಲ್ಲ, ಇವತ್ತಿಗೂ ಅದು ಗಂಡನ ತಪ್ಪೇ ಎಂದು ತಿಳಿದಿದ್ದಾರೆ ಎಂದು ನಾನು ಹೇಳಿದೆ. ದೊಡ್ಡಪ್ಪ ಗೂಟಕ್ಕೆ ಹಾಕಿದ್ದ ಟೋಪಿ ತೆಗೆದು ತಲೆಗಿಟ್ಟುಕೊಂಡು, ಬಾಗಿಲಲ್ಲಿ ನಿಂತು ಚಪ್ಪಲಿ ಹುಡುಕಿದರು.

‘ನಡೀರಿ, ಅವರ ಮನಿ ತೋರಸ್ರಿ. ಆ ತಾಯಿಗೆ ನಾನ ಹೇಳ್ತೀನಿ.’